ರಕ್ಷಣೆಯ ನಿಶ್ಚಯವೂ ವಿಶ್ವಾಸಿಯ ಸಂತೋಷವೂ



“ನಿಮಗೆ ರಕ್ಷಣೆ ಆಗಿದೆಯೇ?” ಎಂದು ನಮ್ಮ ಸಭೆಗಳಲ್ಲಿ ಯಾರನ್ನಾದರೂ ನೇರವಾಗಿ ಕೇಳಿ ನೋಡಿ. ಬಾಲ್ಯದಿಂದ ತಪ್ಪದೆ ಆರಾಧನೆಗೆ ಬಂದವರೂ ಸ್ವಲ್ಪ ತಡವರಿಸುತ್ತಾರೆ. “ದೇವರು ದೊಡ್ಡವನು, ನೋಡೋಣ” ಅನ್ನುತ್ತಾರೆ. ಆ ಮಾತಿನಲ್ಲಿ ವಿನಯವಿದೆ, ಅದರ ಅಡಿಯಲ್ಲಿ ಭಯವೂ ಇದೆ. ಆಗಿದೆ ಎಂದರೆ ಅಹಂಕಾರವಾದೀತೇನೋ ಎಂಬ ಅಳುಕು ಒಂದು ಕಡೆ. ಆಗಿರದಿದ್ದರೆ ಗತಿಯೇನು ಎಂಬ ಅಳುಕು ಇನ್ನೊಂದು ಕಡೆ. ಇವೆರಡರ ನಡುವೆ ಸಿಕ್ಕಿಕೊಂಡವರಿಗೆ ಕ್ರೈಸ್ತ ಸಂತೋಷವೆಂಬುದು ಭಾನುವಾರದ ಹಾಡಿನಲ್ಲಿ ಬಂದುಹೋಗುವ ಮಾತಾಗಿಬಿಡುತ್ತದೆ. ಮೊದಲು ಸಂತೋಷವನ್ನು ಹುಡುಕಿ, ಅದು ಸಿಕ್ಕರೆ ರಕ್ಷಣೆಯನ್ನು ನಂಬೋಣ ಎಂದು ಹೊರಡುವುದೇ ಇದಕ್ಕೆ ಕಾರಣ ಎಂದು ನನ್ನ ತಿಳಿವಳಿಕೆ. ಈ ದಾರಿಯಲ್ಲಿ ನಡೆದು, ಬಹಳ ನೊಂದು, ಕೊನೆಗೆ ಸರಿದಾರಿ ಕಂಡವರು ಮೆಥಡಿಸ್ಟ್ ಚಳವಳಿಯ ಸ್ಥಾಪಕ ಜಾನ್ ವೆಸ್ಲಿ. ಇಂದು ಅವರ ಕಥೆಯನ್ನೇ ಎತ್ತಿಕೊಳ್ಳುತ್ತೇನೆ.

ಇಂಗ್ಲೆಂಡಿನ ಎಪ್ವರ್ತ್ ಎಂಬ ಊರಿನ ಪಾದ್ರಿಯ ಮಗನಾಗಿ 1703ರಲ್ಲಿ ಹುಟ್ಟಿದ ವೆಸ್ಲಿ, ಆಕ್ಸ್‌ಫರ್ಡಿನಲ್ಲಿ ಓದಿ ಅಲ್ಲೇ ಅಧ್ಯಾಪಕರಾದವರು. ವಾರಕ್ಕೆರಡು ದಿನ ಉಪವಾಸ, ಸೆರೆಮನೆಯ ಭೇಟಿ, ಬಡವರಿಗೆ ದಾನ, ತಪ್ಪದ ಪ್ರಭುಭೋಜನ, ಇವೆಲ್ಲ ಇದ್ದವು. ಮನಸ್ಸಿಗೆ ನೆಮ್ಮದಿ ಮಾತ್ರ ಇರಲಿಲ್ಲ. 1735ರ ಅಕ್ಟೋಬರಿನಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದರು. ತನ್ನ ಆತ್ಮವನ್ನು ಉಳಿಸಿಕೊಳ್ಳಬಹುದೆಂಬ ಆಸೆಯೇ ಈ ಪ್ರಯಾಣದ ಮುಖ್ಯ ಕಾರಣವೆಂದು ಅವರೇ ಬರೆದಿಟ್ಟಿದ್ದಾರೆ.

ಅದೇ ಹಡಗಿನಲ್ಲಿ ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ 26 ಮಂದಿ ವಿಶ್ವಾಸಿಗಳಿದ್ದರು. ಜರ್ಮನ್ ಮಾತನಾಡುವ ಸಾಧಾರಣ ಜನ. ಬೇರೆ ಯಾರೂ ಮುಟ್ಟದ ಕೀಳು ಕೆಲಸಗಳನ್ನು ಕೂಲಿಯಿಲ್ಲದೆ ಮಾಡುತ್ತಿದ್ದರು. ಯಾರಾದರೂ ತಳ್ಳಿದರೆ, ಹೊಡೆದರೆ, ಎದ್ದು ಸುಮ್ಮನೆ ಹೋಗುತ್ತಿದ್ದರು. 1736ರ ಜನವರಿ 25ರ ಸಂಜೆ ಅವರು ಆರಾಧನೆ ಆರಂಭಿಸಿ ಕೀರ್ತನೆ ಹಾಡುತ್ತಿದ್ದಾಗ ಬಿರುಗಾಳಿಗೆ ದೊಡ್ಡ ಹಾಯಿ ಹರಿದು ಚೂರಾಯಿತು. ಅಲೆ ಹಡಗನ್ನೇ ಮುಚ್ಚಿ, ನೀರು ಒಳಗೆ ಸುರಿಯಿತು. ಇಂಗ್ಲಿಷರು ಕಿರುಚಾಡಿದರು. ಮೊರೇವಿಯನ್ನರು ತಲೆಯೆತ್ತಿ ನೋಡಿ ಹಾಡನ್ನು ಮುಂದುವರಿಸಿದರು. ನಿಮಗೆ ಹೆದರಿಕೆಯಾಗಲಿಲ್ಲವೇ ಎಂದು ವೆಸ್ಲಿ ಆಮೇಲೆ ಒಬ್ಬರನ್ನು ಕೇಳಿದರೆ, ಇಲ್ಲ ಎಂಬ ಉತ್ತರ ಬಂತು. ಹೆಂಗಸರು ಮಕ್ಕಳು ಹೆದರಲಿಲ್ಲವೇ ಎಂದರೆ, ನಮ್ಮ ಹೆಂಗಸರಿಗೂ ಮಕ್ಕಳಿಗೂ ಸಾವಿನ ಭಯವಿಲ್ಲ ಎಂದರಂತೆ. ಅಷ್ಟು ಓದಿದ ಗುರುವಿಗೆ ಸಿಗದಿದ್ದದ್ದು ಆ ಮಕ್ಕಳಿಗೆ ಸಿಕ್ಕಿತ್ತು. ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಅಪೊಸ್ತಲ ಪೌಲನೂ ಸೀಲನೂ ನೆನಪಾಗುತ್ತಾರೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೆಟ್ಟು ತಿಂದ ಮೈ, ಕಾಲಿಗೆ ಕೋಳ, ನಡುರಾತ್ರಿ. ಅವರೂ ಹಾಡುತ್ತಲೇ ಇದ್ದರು.

ಜಾರ್ಜಿಯಾದಲ್ಲಿ ಇಳಿದ ಮೇಲೆ ಮೊರೇವಿಯನ್ ನಾಯಕ ಸ್ಪಾಂಗೆನ್‌ಬರ್ಗ್ ವೆಸ್ಲಿಯನ್ನು ಕೇಳಿದರು: ಯೇಸು ಕ್ರಿಸ್ತನನ್ನು ಬಲ್ಲಿರಾ? ಆತನು ಲೋಕರಕ್ಷಕನೆಂದು ಬಲ್ಲೆ ಎಂದರು ವೆಸ್ಲಿ. ನಿಮ್ಮನ್ನು ರಕ್ಷಿಸಿದ್ದಾನೆಂದು ಬಲ್ಲಿರಾ ಎಂಬ ಮರುಪ್ರಶ್ನೆಗೆ, ನನ್ನನ್ನು ರಕ್ಷಿಸಲು ಸತ್ತನೆಂದು ಆಶಿಸುತ್ತೇನೆ ಎಂದಷ್ಟೇ ಹೇಳಲು ಅವರಿಗೆ ಸಾಧ್ಯವಾಯಿತು.

ಎರಡು ವರ್ಷದ ಬಳಿಕ ಸೋತು ಲಂಡನ್ನಿಗೆ ಮರಳಿದರು. 1738ರ ಮೇ 24ರ ರಾತ್ರಿ, ಮನಸ್ಸಿಲ್ಲದ ಮನಸ್ಸಿನಿಂದ ಆಲ್ಡರ್ಸ್‌ಗೇಟ್ ಬೀದಿಯ ಪ್ರಾರ್ಥನಾ ಕೂಟಕ್ಕೆ ಹೋದರು. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಮತಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಅಲ್ಲಿ ಯಾರೋ ಓದುತ್ತಿದ್ದರು. ಒಂಬತ್ತಕ್ಕೆ ಕಾಲು ಗಂಟೆ ಇರುವಾಗ, ಕ್ರಿಸ್ತನು ತನ್ನ ಪಾಪಗಳನ್ನೇ, ತನ್ನವನ್ನೇ ತೆಗೆದುಹಾಕಿದ್ದಾನೆಂಬ ನಿಶ್ಚಯ ಅವರಿಗೆ ಬಂತು, ಹೃದಯ ಬೆಚ್ಚಗಾಯಿತು.

ಕಥೆಯನ್ನು ಇಲ್ಲಿಗೇ ನಿಲ್ಲಿಸುವ ಪ್ರಸಂಗಿಗಳೇ ಹೆಚ್ಚು. ನಮಗೆ ಬೇಕಾದದ್ದು ಇದರ ಮುಂದಿದೆ. ಅದೇ ರಾತ್ರಿ ಅವರೊಳಗೆ ಒಂದು ಪ್ರಶ್ನೆ ಎದ್ದಿತು: ಇದು ನಿಜವಾದ ನಂಬಿಕೆಯಾದರೆ ಸಂತೋಷ ಎಲ್ಲಿ? ಮನಶ್ಶಾಂತಿಯೂ ಪಾಪದ ಮೇಲಿನ ಜಯವೂ ನಂಬಿಕೆಯ ಜೊತೆಗೇ ಬರುತ್ತವೆ, ಆದರೆ ಉಕ್ಕುವ ಸಂತೋಷವನ್ನು ದೇವರು ತನ್ನ ಚಿತ್ತದಂತೆ ಒಮ್ಮೆ ಕೊಡುತ್ತಾನೆ, ಒಮ್ಮೆ ತಡೆಹಿಡಿಯುತ್ತಾನೆ ಎಂದು ಅವರು ಆಗಲೇ ಕಲಿತರು. ಕಲಿತದ್ದು ಒಂದೇ ಸಲಕ್ಕೆ ಗಟ್ಟಿಯಾಗಲಿಲ್ಲ. 1739ರ ಜನವರಿಯಲ್ಲಿ ತಾನು ಕ್ರೈಸ್ತನೇ ಅಲ್ಲ ಎಂದು ಬರೆದುಕೊಂಡರು. ಮುಪ್ಪಿನಲ್ಲಿ ಮಾತ್ರ ತಮ್ಮ ಹಳೆಯ ದಿನಚರಿಗೆ ಟಿಪ್ಪಣಿ ಸೇರಿಸಿ, ಆಲ್ಡರ್ಸ್‌ಗೇಟಿಗೆ ಮೊದಲೂ ತನಗೆ ಸೇವಕನ ನಂಬಿಕೆ ಇತ್ತು, ಮಗನ ನಂಬಿಕೆ ಇರಲಿಲ್ಲ ಎಂದು ತಿದ್ದಿದರು. ಅಳುಕಿನಿಂದ ನಂಬುವವರನ್ನು ಹೊರಗೆ ತಳ್ಳದ ಈ ತಿದ್ದುಪಡಿ ನನಗೆ ಆಲ್ಡರ್ಸ್‌ಗೇಟಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಸಂತೋಷ ಬಂದುಹೋದರೂ ರಕ್ಷಣೆ ಉಳಿಯುತ್ತದೆ: ಜಮೀನಿನ ಪತ್ರ ನಮ್ಮ ಹೆಸರಿಗೆ ಆದ ಮೇಲೆ, ಒಂದು ವರ್ಷ ಮಳೆ ಕೈಕೊಟ್ಟರೂ ಜಮೀನು ನಮ್ಮದೇ ತಾನೇ?

ರಕ್ಷಣೆಯ ಬಗ್ಗೆ ಇಂಥ ಖಚಿತ ಮಾತನ್ನು ಕಥೋಲಿಕ ಸಭೆ ಒಪ್ಪುವುದಿಲ್ಲ. 1547ರಲ್ಲಿ ಅದರ ಟ್ರೆಂಟ್ ಮಹಾಸಭೆ ಇಂಥ ನಿಶ್ಚಯದಲ್ಲಿರುವ ಅತಿವಿಶ್ವಾಸದ ಅಪಾಯವನ್ನು ಎತ್ತಿ ತೋರಿಸಿತು. ಕಥೋಲಿಕರು ನಿರೀಕ್ಷೆ ಎಂಬ ಮಾತನ್ನೇ ಮುಂದಿಡುತ್ತಾರೆ. ಆ ಎಚ್ಚರಿಕೆಯಲ್ಲಿ ಹುರುಳಿದೆ. ಸ್ವರ್ಗ ಖಚಿತವಾದವನು ಭೂಮಿಯ ಮೇಲೆ ಸೋಮಾರಿಯಾಗುವುದಿಲ್ಲವೇ ಎಂದು ನಮ್ಮ ಯುವಕರೂ ಕೇಳುತ್ತಾರೆ. ಉತ್ತರ ವೆಸ್ಲಿಯ ಕೊನೆಯ ವಾರದಲ್ಲಿದೆ. 1791ರ ಫೆಬ್ರುವರಿ 24ರಂದು, 87 ವರ್ಷದ ಆ ಮುದುಕರು ಬ್ರಿಟಿಷ್ ಸಂಸತ್ ಸದಸ್ಯ ವಿಲ್ಬರ್‌ಫೋರ್ಸ್‌ಗೆ ಪತ್ರ ಬರೆದರು. ಗುಲಾಮರ ವ್ಯಾಪಾರದ ವಿರುದ್ಧ ನೀವು ಹೂಡಿದ ಹೋರಾಟವನ್ನು ಬಿಡಬೇಡಿ, ದೇವರು ನಿಮ್ಮ ಕಡೆಗಿದ್ದಾನೆ ಎಂಬುದು ಅದರ ಸಾರ. ಆರು ದಿನದ ಮೇಲೆ, ಮಾರ್ಚ್ 2ರಂದು ತೀರಿಕೊಂಡರು. ಆ ಕೊನೆಯ ದಿನಗಳಲ್ಲಿ ಹಾಸಿಗೆಯಲ್ಲೇ ಹಾಡಿದರು. ದೇವರು ನಮ್ಮ ಸಂಗಡ ಇದ್ದಾನೆ, ಎಲ್ಲಕ್ಕಿಂತ ದೊಡ್ಡದು ಅದೇ ಎಂದರು. ನಿತ್ಯಜೀವವನ್ನು ನಂಬಿ ಸಾಯುತ್ತಿದ್ದವರ ಕೊನೆಯ ಚಿಂತೆ, ಗುಲಾಮರಾಗಿದ್ದ ಆಫ್ರಿಕದವರ ಬಿಡುಗಡೆಯಾಗಿತ್ತು.

ಈ ಪರಂಪರೆ ನಮಗೆ ದೂರದ್ದಲ್ಲ. ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ಯನ್ನು ಹೊರಡಿಸಿದವರು, 1906ರಲ್ಲಿ ಅಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದವರು ವೆಸ್ಲಿಯನ್ ಮಿಷನ್ನಿನವರು. ಅವರ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಈಸ್ಟರ್ ದಿನ ಬೆಳಗಿನ ಜಾವ ನಮ್ಮ ಅನೇಕ ಊರುಗಳಲ್ಲಿ ಜನ ಸಮಾಧಿಗಳ ನಡುವೆ ನಿಂತು ಹಾಡುತ್ತಾರಲ್ಲ, ಜರ್ಮನಿಯ ಹೆರ್ನ್‌ಹೂಟ್ ಊರಿನ ಮೊರೇವಿಯನ್ ಯುವಕರೂ 1732ರಲ್ಲಿ ಹಾಗೆಯೇ ಹಾಡಿದ್ದರು.

ಸಭಾಪಾಲಕರಲ್ಲಿಯೂ ಹಿರಿಯರಲ್ಲಿಯೂ ನನ್ನದೊಂದು ವಿನಂತಿ. ಹಾಸಿಗೆ ಹಿಡಿದವರನ್ನು ನೋಡಲು ಹೋದಾಗ, ಸಂತೋಷವಾಗಿದ್ದೀರಾ, ನಂಬಿಕೆ ಬಲವಾಗಿದೆಯಾ ಎಂದು ಅವರನ್ನು ಪರೀಕ್ಷೆಗೆ ಒಡ್ಡಬೇಡಿ. ನೋವಿನಲ್ಲಿರುವವರು ಆ ಪ್ರಶ್ನೆಗೆ ಏನು ಉತ್ತರ ಕೊಟ್ಟಾರು? ಪಕ್ಕದಲ್ಲಿ ಕೂತು ಯೋಹಾನನ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ನಂಬಿದವರಿಗೆ ನಿತ್ಯಜೀವ ಉಂಟೆಂದು ತಿಳಿದಿರಲಿ ಎಂದೇ ಅವನು ಬರೆದದ್ದು. ಅವರಿಗೆ ಹಾಡುವ ಶಕ್ತಿ ಇಲ್ಲದಿದ್ದರೆ, ಅವರ ಪರವಾಗಿ ನೀವು ಹಾಡಿ.