ಲಾಸ್ಟ್ ನೇಮ್ ಅಂದ್ರೆ ಏನು ಬರೀಬೇಕು?

ಐರೋಲಿಯಲ್ಲಿ ಆಫೀಸು, ಡೊಂಬಿವಲಿ, ಕಲ್ಯಾಣ, ಠಾಣೆಯಲ್ಲಿ ಮನೆ ಇರೋ ನಮಗೆಲ್ಲ ಇಲ್ಲಿ ಮೊದಲು ಎದುರಾಗೋ ಪ್ರಶ್ನೆ: "ಆಡನಾವ್ ಕಾಯ್?"

ಮನೆತನದ ಹೆಸರುಗಳು ಎಷ್ಟೋ ಸಲ ಹಳೇ ಹುದ್ದೆಗಳೇ. ಇಂಗ್ಲಿಷಿನ ಸ್ಟೀವರ್ಟ್ ಅಂದ್ರೆ ಮೂಲದಲ್ಲಿ ದೊಡ್ಡಮನೆಯ ಮೇಲ್ವಿಚಾರಕ. ನಮ್ಮ ಶಾಸನಗಳ 'ಪೆರ್ಗಡೆ' ಕೂಡ ಅಧಿಕಾರಿಯೇ. ಪಕಾರ ಹಕಾರವಾಗಿ ಹೆಗ್ಗಡೆ, ಹೆಗಡೆ, ಹೆಗ್ಡೆ ಆಯ್ತು. ಕುಲಕರ್ಣಿ ಊರಿನ ಕಂದಾಯದ ಲೆಕ್ಕ ಬರೆಯೋನು. ಹಳೇ ಮೈಸೂರಲ್ಲಿ ಅವನೇ ಶಾನುಭೋಗ. 1950ರ ಕಾಯ್ದೆಯಿಂದ ಮುಂಬಯಿ ಸರ್ಕಾರ ಕುಲಕರ್ಣಿ ವತನ ರದ್ದು ಮಾಡ್ತು. ಕೆಲಸ ಹೋಯ್ತು, ಹೆಸರು ಉಳೀತು.

ಆದ್ರೆ ಬೆಂಗಳೂರು, ಮೈಸೂರು ಕಡೆಯ ಅನೇಕರಿಗೆ ಇರೋದು ಬರೀ ಇನಿಶಿಯಲ್: ಊರು, ತಂದೆ ಹೆಸರು. ಇಲ್ಲಿ 2024ರವರೆಗಿನ ಕ್ರಮ ಮಗುವಿನ ಹೆಸರು, ತಂದೆ ಹೆಸರು, ಆಡನಾವ್. ಆಡನಾವ್ ಜಾಗ ತುಂಬೋಕೆ ಅಣ್ಣನಿಗೆ ಅಜ್ಜನ ಹೆಸರು, ತಂಗಿಗೆ ಅಪ್ಪನ ಹೆಸರು ಬರೆದ್ರೆ, ಪಾಸ್‌ಪೋರ್ಟಿನಲ್ಲಿ ಒಂದೇ ಮನೆ ಮಕ್ಕಳು ಬೇರೆ ಮನೆಯವರಂತೆ ಕಾಣ್ತಾರೆ.

ಅದಕ್ಕೇ ಜನನ ಪ್ರಮಾಣಪತ್ರಕ್ಕೆ ಮುಂಚೆ ಗಂಡ ಹೆಂಡತಿ ಕೂತು ಮಾತಾಡಿ. ಊರಿಗೆ ಫೋನ್ ಮಾಡಿ, ಮನೆತನಕ್ಕೆ ಏನಂತಿದ್ರು ಅಂತ ಅಜ್ಜಿಯನ್ನ ಕೇಳಿ. ಊರಿನ ಹೆಸರಾದ್ರೂ ಸರಿ, ಒಂದನ್ನೇ ಆರಿಸಿ, ಎಲ್ಲ ಕಡೆ ಒಂದೇ ಸ್ಪೆಲ್ಲಿಂಗ್ ಇಡಿ. ನೀವು ಬರೆದದ್ದೇ ಮೊಮ್ಮಕ್ಕಳಿಗೆ ಮನೆತನದ ಹೆಸರಾಗುತ್ತೆ.