ಅಪ್ಪನ ಇಮೇಲ್ ಯಾರ ಕೈಯಾಗ ಐತಿ? ಫೈಲು, ಮೇಲು ಮತ್ತು ನಮ್ಮೂರಿನ ಆಫೀಸು

ಸ್ಟೇಷನ್ನಿನ್ಯಾಗ ಮಿರಜ್ ಗಾಡಿ ಕಾಯಾಕತ್ತೋರು, ಅಂಗಡ್ಯಾಗ ಗಿರಾಕಿ ಇಲ್ಲದ ಹೊತ್ತಿನ್ಯಾಗ ಇಯರ್‌ಫೋನ್ ಹಾಕ್ಕೊಂಡು ಕೂತೋರು, ಎಲ್ಲಾರಿಗೂ ಕುಡಚಿಯಿಂದ ನಮಸ್ಕಾರ. ಇವತ್ತಿನ ವಿಷಯ ಆಫೀಸಿನ ಫೈಲು ಮತ್ತು ಇಮೇಲು. "ಇದ್ರಾಗ ಹೇಳೂದೇನೈತಿ, ಸೆಂಡ್ ಒತ್ತಿದ್ರ ಆತು" ಅಂತೀರಿ. ನಾನೂ ಹಂಗ ಅಂದ್ಕೊಂಡಿದ್ದೆ. ಆ ಸೆಂಡ್ ಬಟನ್ನೇ ನನಗೆ ಪಾಠ ಕಲಿಸಿತು.

ಬಿ.ಕಾಂ ಮುಗಿಸಿ ಒಂದು ಟ್ಯಾಕ್ಸ್ ಕನ್ಸಲ್ಟಂಟ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ತಿಂಗಳ 20ನೇ ತಾರೀಖು ಅಂದ್ರೆ ಅಲ್ಲಿ ಜಾತ್ರೆ, ಜಿಎಸ್‌ಟಿಆರ್-3ಬಿ ತುಂಬೋ ಕೊನೇ ದಿನ. ರಾತ್ರಿ ಎಂಟಕ್ಕೆ ಒಬ್ಬ ಬೆಲ್ಲದ ವ್ಯಾಪಾರಿಯ ಖರೀದಿ ಲೆಕ್ಕದ ಎಕ್ಸೆಲ್ ಕಳಿಸಬೇಕಿತ್ತು. ಹೆಸರಿನ ಎರಡು ಅಕ್ಷರ ಟೈಪ್ ಮಾಡಿದೆ, ಜಿಮೇಲ್ ತಾನೇ ಒಂದು ವಿಳಾಸ ತೋರಿಸ್ತು, ಒತ್ತಿಬಿಟ್ಟೆ. ಅದು ಹೋಗಿದ್ದು ಅವರ ಎದುರು ಅಂಗಡಿಯ ವ್ಯಾಪಾರಿಗೆ. ಇಬ್ಬರ ಹೆಸರೂ ಒಂದೇ ಅಕ್ಷರದಿಂದ ಶುರು.

ಮರುದಿನ ಸಾಹುಕಾರ್ರು ಆಫೀಸಿಗೆ ಬಂದರು. ಬೈಲಿಲ್ಲ. "ತಮ್ಮಾ, ನಾ ಯಾರ ಕಡೆ ಎಷ್ಟಕ್ಕ ಮಾಲ್ ತಗೋತೀನಿ ಅಂತ ನಮ್ಮ ಮನ್ಯಾಗಿನವರಿಗೂ ಗೊತ್ತಿಲ್ಲ. ಈಗ ಅವಗ ಗೊತ್ತಾತು" ಅಂದರು ಅಷ್ಟೇ. ಮುಂದಿನ ತಿಂಗಳು ಅವರ ಕಾಗದಪತ್ರ ಬೇರೆ ಆಫೀಸಿಗೆ ಹೋದವು.

ಆವತ್ತಿನಿಂದ ನನ್ನ ಕ್ರಮ ಬದಲಾಯಿತು. ಮೊದಲು ಫೈಲ್ ಅಟ್ಯಾಚ್ ಮಾಡ್ತೀನಿ. ಆಮೇಲೆ ವಿಷಯ, ನಾಲ್ಕು ಸಾಲು. ಯಾರಿಗೆ ಅನ್ನೋದು ಕೊನೆಗೆ. ವಿಳಾಸ ಇಲ್ಲದೆ ಮೇಲ್ ಹೋಗೋದಿಲ್ಲ, ಹಂಗಾಗಿ ಕೈ ತಪ್ಪಿ ಸೆಂಡ್ ಒತ್ತಿದ್ರೂ ಭಯ ಇಲ್ಲ. ಇನ್ನೊಂದು, ಕಂಪ್ಯೂಟರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ 'ಅಂಡೂ ಸೆಂಡ್' ಹುಡುಕ್ರಿ. 5, 10, 20, 30 ಸೆಕೆಂಡು ಅಂತ ನಾಲ್ಕು ಆಯ್ಕೆ ಅದಾವು. 30 ಇಡ್ರಿ. ಅದು ಹೋದ ಮೇಲ್ ವಾಪಸ್ ತರೋದಲ್ಲ, 30 ಸೆಕೆಂಡು ತಡೆದು ಕಳಿಸೋದು. ಆ ಅರ್ಧ ನಿಮಿಷ ನನ್ನ ಹತ್ರ ಆವತ್ತು ಇದ್ದಿದ್ರೆ ಸಾಹುಕಾರ್ರು ಇವತ್ತೂ ನಮ್ಮ ಪಾರ್ಟಿ ಆಗಿರತಿದ್ರು.

ಗುಟ್ಟಿನ ಲೆಕ್ಕ ಇದ್ರೆ ಫೈಲ್ ಬದಲು ಡ್ರೈವ್ ಲಿಂಕ್ ಕಳಿಸೋದು ಮೇಲು. ತಪ್ಪಾದ್ರೆ ಅವರು ಡೌನ್‌ಲೋಡ್ ಮಾಡೋ ಮುಂಚೆ ಬಾಗಿಲು ಮುಚ್ಚಬಹುದು. ಹೆಂಗೂ 25 ಎಂಬಿಗಿಂತ ದೊಡ್ಡ ಫೈಲನ್ನ ಜಿಮೇಲ್ ತಾನೇ ಲಿಂಕ್ ಮಾಡ್ತೈತಿ. ಆದ್ರೆ ಪರ್ಮಿಷನ್ ನೋಡ್ರಿ. 'ರಿಸ್ಟ್ರಿಕ್ಟೆಡ್' ಇಟ್ಟು ಅವರ ಹೆಸರು ಸೇರಿಸದೇ ಕಳಿಸಿದ್ರೆ, ಅವರಿಗೆ ಬರೋದು ಮುಚ್ಚಿದ ಬಾಗಿಲು. ನೌಕರಿ ಅರ್ಜಿಯ ಜೊತೆ ಹಿಂಗ ಕಳಿಸೋರು ಭಾಳ ಮಂದಿ. ಎದುರಿನವರಿಗೆ ನಿಮ್ಮ ಅನುಮತಿ ಕೇಳ್ಕೊಂಡು ಕೂರೋ ಗರಜು ಇರೋದಿಲ್ಲ. 'ಎನಿವನ್ ವಿತ್ ದ ಲಿಂಕ್' ಇಟ್ಟರೆ ಇನ್ನೊಂದು ತೊಂದರೆ. ಯಾರೋ ಅದನ್ನ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಊರಿಗೆಲ್ಲ ತೆರೆದ ಬಾಗಿಲು. ಅವರ ಇಮೇಲ್ ಸೇರಿಸಿ, 'ವ್ಯೂವರ್' ಕೊಟ್ಟುಬಿಡ್ರಿ.

ಫೈಲಿನ ಹೆಸರು. 'ಫೈನಲ್', 'ಫೈನಲ್ ನ್ಯೂ', 'ಫೈನಲ್ ನ್ಯೂ ಕರೆಕ್ಟ್'. ನಗಬ್ಯಾಡ್ರಿ, ನಿಮ್ಮ ಫೋಲ್ಡರಿನಲ್ಲೂ ಅದಾವು. ಪಾರ್ಟಿಯ ಹೆಸರು, ಯಾವ ಕಾಗದ, ಆಮೇಲೆ ವರ್ಷ, ತಿಂಗಳು, ದಿನ. ವರ್ಷ ಮೊದಲು ಬರೆದ್ರೆ ಫೈಲುಗಳು ತಾವೇ ಸಾಲಾಗಿ ನಿಲ್ತಾವು, ಹುಡುಕೋ ಕೆಲಸ ಉಳೀತು.

ಇನ್ನು ನಮ್ಮ ಕನ್ನಡದವರದೇ ಒಂದು ಸಂಕಟ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಅರ್ಜಿ ಕಳಿಸ್ತೀರಿ, ಎದುರಿನವರ ಮೊಬೈಲಿನಲ್ಲಿ ಅದು ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಯಾಕಂದ್ರೆ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಒಳಗಿನ ಅಕ್ಷರ ಹೊರಗ ಬರ್ತಾವು. ಯೂನಿಕೋಡಿನಲ್ಲಿ ಹಂಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಐತಿ. ಯೂನಿಕೋಡಿನಲ್ಲೇ ಟೈಪ್ ಮಾಡ್ರಿ. ಹಳೇ ಫೈಲ್ ಇದ್ರೆ ಪಿಡಿಎಫ್ ಮಾಡಿ ಕಳಿಸ್ರಿ. ಯೂನಿಕೋಡಿನ ಇನ್ನೊಂದು ಲಾಭ ಅಂದ್ರೆ, ಎರಡು ವರ್ಷದ ನಂತರ 'ಬೆಲ್ಲ' ಅಂತ ಕನ್ನಡದಾಗ ಹುಡುಕಿದ್ರೂ ಆ ಮೇಲ್ ಸಿಗತೈತಿ.

ವಾಟ್ಸಾಪ್ ಸಾಲದಾ ಅಂತ ಕೇಳ್ತೀರಿ. ಬಿಲ್ಲಿನ ಫೋಟೋ ಹಂಗೇ ಕಳಿಸಿದ್ರೆ ಅದು ಕುಗ್ಗಿ ಹೋಗತೈತಿ, ಅಂಕಿ ಓದಾಕ ಬರೂದಿಲ್ಲ. 'ಡಾಕ್ಯುಮೆಂಟ್' ಆಯ್ಕೆಯಿಂದ ಕಳಿಸ್ರಿ. ಆದ್ರೆ ದರ, ತಾರೀಖು, ದುಡ್ಡು, ಇವು ಮೂರು ಮಾತಾದ ಮೇಲೆ ಎರಡು ಸಾಲಿನ ಮೇಲ್ ಹಾಕೇ ಹಾಕ್ರಿ. ಫೋನ್ ಕಳೆದರೆ ಚಾಟ್ ಹೋದೀತು, ಮೇಲ್ ಉಳೀತೈತಿ.

ಉಳಿಯೋದಕ್ಕೆ ಜಾಗ ಬೇಕು. ಗೂಗಲ್ ಪುಕ್ಕಟೆ ಕೊಡೋದು 15 ಜಿಬಿ. ಮೇಲು, ಡ್ರೈವು, ಫೋಟೋ ಮೂರಕ್ಕೂ ಸೇರಿ. ಮದುವೆ ವಿಡಿಯೋದಿಂದ ಅದು ತುಂಬಿದ್ರೆ ಆಫೀಸಿನ ಮೇಲ್ ಬರೋದು ನಿಲ್ಲತೈತಿ. ಜಿಮೇಲಿನ ಸರ್ಚಿನಲ್ಲಿ ಇಂಗ್ಲಿಷಿನಲ್ಲಿ 'ಲಾರ್ಜರ್' ಬರೆದು, ಕೋಲನ್ ಹಾಕಿ, '10ಎಂ' ಅಂತ ಟೈಪ್ ಮಾಡ್ರಿ. ಭಾರದ ಮೇಲ್‌ಗಳೆಲ್ಲ ಸಾಲಾಗಿ ಬರ್ತಾವು. ಬ್ಯಾಡಾದದ್ದು ಅಳಿಸ್ರಿ. ತಪ್ಪಿ ಅಳಿಸಿದ್ರೂ 30 ದಿನ ಕಸದ ಡಬ್ಬಿಯಲ್ಲಿ ಇರತೈತಿ.

ಈಗ ನಾ ಇವತ್ತು ಮೈಕ್ ಮುಂದೆ ಕೂತದ್ದಕ್ಕೆ ಕಾರಣ ಹೇಳ್ತೀನಿ. ನಮ್ಮ ಕಾಕಾಂದು ಸಣ್ಣ ಅಂಗಡಿ. ಆರಾಮ ಇಲ್ಲದೆ ಆರೇಳು ತಿಂಗಳು ಅಂಗಡಿ ಮುಚ್ಚಿದ್ದರು. "ವ್ಯಾಪಾರನ ಇಲ್ಲ, ರಿಟರ್ನ್ ಯಾಕ ತುಂಬೂದು" ಅಂದ್ಕೊಂಡ್ರು. ವ್ಯಾಪಾರ ಸೊನ್ನೆ ಇದ್ರೂ ಸೊನ್ನೆ ಅಂತ ತುಂಬಲೇಬೇಕು, ಅದು ಅವರಿಗೆ ಗೊತ್ತಿರಲಿಲ್ಲ. ಜಿಎಸ್‌ಟಿ ನೋಂದಣಿ ಯಾಕೆ ರದ್ದು ಮಾಡಬಾರದು ಅಂತ ನೋಟಿಸ್ ಬಂದಿತ್ತು. ಅದಕ್ಕೆ ಉತ್ತರ ಕೊಡಾಕ ಏಳು ಕೆಲಸದ ದಿನ. ನೋಟಿಸ್ ಬಂದಿದ್ದು ಇಮೇಲಿಗೆ. ಆ ಇಮೇಲ್ ಮಾಡಿಕೊಟ್ಟಿದ್ದು ಒಂದು ಕಂಪ್ಯೂಟರ್ ಸೆಂಟರಿನ ಹುಡುಗ. ಪಾಸ್‌ವರ್ಡ್ ಅವನ ಹತ್ರ, ರಿಕವರಿ ನಂಬರ್ ಅವಂದು. ಅವ ಊರು ಬಿಟ್ಟು ಎರಡು ವರ್ಷ ಆಗಿತ್ತು. ಸಗಟು ವ್ಯಾಪಾರಿ "ನಿಮ್ಮ ನಂಬರ್ ನಡೀವಲ್ದು" ಅಂದಾಗಲೇ ಕಾಕಾಗೆ ಸುದ್ದಿ ತಿಳಿದದ್ದು. ಬಾಕಿ ರಿಟರ್ನ್, ತಡದ ದಂಡ ಎಲ್ಲ ಕಟ್ಟಿ, ನೋಂದಣಿ ಮರಳಿ ಕೊಡ್ರಿ ಅಂತ ಅರ್ಜಿ ಹಾಕಿದ್ವಿ. ಅದಕ್ಕೆ ಇರೋದು 90 ದಿನ. ನಾವು ಮುಟ್ಟಿದ್ದು ಕೊನೇ ವಾರದಲ್ಲಿ.

ಕುಡಚಿ, ರಾಯಬಾಗ, ಅಥಣಿ, ಎಲ್ಲಿ ಬೇಕಾದ್ರೂ ಕೇಳ್ರಿ, ಇಂಥ ಇಮೇಲ್ ಇರೋ ಹಿರಿಯರು ಸಿಗ್ತಾರು. ಆದಾಯ ತೆರಿಗೆಯವರು "ನಿಮ್ಮ ರಿಟರ್ನಿನಲ್ಲಿ ದೋಷ ಐತಿ" ಅಂತ 139(9)ರ ಕೆಳಗೆ ಬರೆದ್ರೆ ಸರಿಪಡಿಸಾಕ 15 ದಿನ. ಅದೂ ಬರೋದು ಮೇಲಿಗೇ. ಯಾರೂ ತೆಗೆಯದ ಡಬ್ಬಿಯಲ್ಲಿ ದಿನ ಎಣಿಸೋರು ಯಾರು?

ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಕೆಲಸ ಮಾಡ್ರಿ. "ಅಪ್ಪಾ, ನಿಮ್ಮ ಇಮೇಲ್ ಯಾವುದು? ಪಾಸ್‌ವರ್ಡ್ ಯಾರ ಕಡೆ ಐತಿ?" ಅಂತ ಕೇಳ್ರಿ. ಅವರ ಫೋನಿನಲ್ಲಿ ಆ ಖಾತೆ ತೆರೆದು, ರಿಕವರಿ ನಂಬರ್ ಅವರದೇ ಹಾಕಿ, ಪಾಸ್‌ವರ್ಡ್ ಬದಲಿಸ್ರಿ. ಖಾತೆ ಕೈಗೆ ಸಿಗದಿದ್ರೆ ಹೊಸ ಇಮೇಲ್ ಮಾಡಿ ಜಿಎಸ್‌ಟಿ, ಆದಾಯ ತೆರಿಗೆ ಪೋರ್ಟಲಿನಲ್ಲಿ ಬದಲಾಯಿಸ್ರಿ, ಅದಕ್ಕೆ ದಾರಿ ಐತಿ. ಆ ಇಲಾಖೆಗಳ ಮೇಲ್‌ಗೆ ಒಂದು ಫಿಲ್ಟರ್ ಹಾಕಿ, ಬಂದ ಕೂಡ್ಲೇ ಸ್ಟಾರ್ ಬೀಳೋ ಹಂಗ ಮಾಡ್ರಿ.

ಹತ್ತು ನಿಮಿಷದ ಕೆಲಸ. ಮಾಡಿದ್ರೆ ನಂಗ ಒಂದು ಮೇಲ್ ಹಾಕ್ರಿ. ವಿಳಾಸ ಮಾತ್ರ ಎರಡು ಸಲ ನೋಡ್ರಿ. ಬರ್ತೀನ್ರೀ.