ಮೀನು ಬರುವ ಮೊದಲಿನ ವಾರಗಳು

ಮನುಷ್ಯ ತನ್ನ ಸಂತೋಷಕ್ಕಾಗಿ ಮತ್ತೊಂದು ಜೀವವನ್ನು ಮನೆಗೆ ತಂದಾಗ ಆ ಜೀವದ ಅನ್ನ, ನೀರು, ಉಸಿರು ಎಲ್ಲವೂ ಅವನ ಹೊಣೆಯಾಗುತ್ತವೆ. ಹಸಿದ ನಾಯಿ ಬೊಗಳುತ್ತದೆ, ಬಾಯಾರಿದ ಹಸು ಅಂಬಾ ಎನ್ನುತ್ತದೆ. ಗಾಜಿನ ತೊಟ್ಟಿಯ ಮೀನಿಗೆ ಮಾತ್ರ ತನ್ನ ಸಂಕಟವನ್ನು ಕೂಗಿ ಹೇಳುವ ದನಿಯಿಲ್ಲ. ಆದುದರಿಂದ ಹೊಸ ಸಿಹಿನೀರಿನ ಅಕ್ವೇರಿಯಂ ಒಂದನ್ನು ಮೀನಿಲ್ಲದೆಯೇ ಕೆಲವು ವಾರ ನಡೆಸಿ, ಅದರ ನೀರು ಜೀವವನ್ನು ತಾಳಿಕೊಳ್ಳುವಷ್ಟು ಹದವಾದ ಮೇಲೆಯೇ ಮೀನನ್ನು ಬರಮಾಡಿಕೊಳ್ಳುವ ಕ್ರಮವು, ಹವ್ಯಾಸಿಗಳ ತಂತ್ರವಾಗಿರುವಷ್ಟೇ ನೀತಿಯ ವಿಷಯವೂ ಆಗಿದೆ. ಮೀನು ಸಾಕುವವರು ಇದನ್ನು 'ಸೈಕ್ಲಿಂಗ್' ಎಂದು ಕರೆಯುತ್ತಾರೆ. ಸಾರಜನಕದ ಚಕ್ರವು ತೊಟ್ಟಿಯೊಳಗೆ ನೆಲೆಗೊಳ್ಳುವಂತೆ ಮಾಡುವುದು ಎಂಬುದು ಇದರ ಅರ್ಥ.

ಮೀನು ತಿಂದ ಆಹಾರದಲ್ಲಿರುವ ಸಾರಜನಕದ ಹೆಚ್ಚಿನ ಪಾಲು ಅಮೋನಿಯಾ ಆಗಿ ಅದರ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ಹೊಳೆಯಲ್ಲಿ, ಕೆರೆಯಲ್ಲಿ ಅದು ಅಪಾರ ನೀರಿನಲ್ಲಿ ತೆಳುವಾಗಿ ಹರಡಿಹೋಗುತ್ತದೆ, ಕೆಸರು ಕಲ್ಲುಗಳ ಮೇಲೆ ನೆಲೆಸಿರುವ ಸೂಕ್ಷ್ಮಜೀವಿಗಳು ಅದನ್ನು ಬಳಸಿಕೊಳ್ಳುತ್ತವೆ. ಐವತ್ತು ಅರವತ್ತು ಲೀಟರಿನ ಹೊಸ ತೊಟ್ಟಿಯಲ್ಲಿ ಈ ಎರಡು ಅನುಕೂಲಗಳೂ ಇಲ್ಲದಿರುವುದರಿಂದ, ಮೀನು ತಾನೇ ಹೊರಬಿಟ್ಟ ಅಮೋನಿಯಾದಿಂದ ಕಿವಿರು ಸುಟ್ಟುಕೊಂಡು ನರಳುತ್ತದೆ. ನೀರು ಮಾತ್ರ ಸ್ಫಟಿಕದಂತೆ ತಿಳಿಯಾಗಿಯೇ ಕಾಣುತ್ತದೆ, ಏಕೆಂದರೆ ಈ ವಿಷಕ್ಕೆ ಬಣ್ಣವಿಲ್ಲ.

ಈ ವಿಷವನ್ನು ಕಳೆಯುವ ಕೆಲಸ ಮುಖ್ಯವಾಗಿ ಎರಡು ಹಂತಗಳಲ್ಲಿ ನಡೆಯುತ್ತದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೈ ವಿನೊಗ್ರಾಡ್ಸ್ಕಿ ಅವರು ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಅಭ್ಯಸಿಸಿ, ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ ಎಂಬುದನ್ನು ತೋರಿಸಿದರು. ಈ ಮೂರರಲ್ಲಿ ಕೊನೆಯದಾದ ನೈಟ್ರೇಟ್ ಮೀನಿಗೆ ಬಹಳ ಕಡಿಮೆ ಅಪಾಯಕಾರಿಯಾಗಿದ್ದು, ಆಗಾಗ ಒಂದಿಷ್ಟು ನೀರು ಬದಲಿಸಿ ಅದನ್ನು ಮಿತಿಯಲ್ಲಿಡಬಹುದು. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಫಿಲ್ಟರ್‌ನ ಸ್ಪಾಂಜು, ಮರಳು, ಕಲ್ಲುಗಳಿಗೆ ಅಂಟಿಕೊಂಡೇ ಬಾಳುತ್ತವೆ, ಮತ್ತು ಬಹಳ ನಿಧಾನವಾಗಿ ಬೆಳೆಯುತ್ತವೆ. ಕರುಳಿನಲ್ಲಿರುವ ಕೆಲವು ಬಗೆಯ ಬ್ಯಾಕ್ಟೀರಿಯಾ ಅನುಕೂಲ ಸ್ಥಿತಿಯಲ್ಲಿ ಸುಮಾರು 20 ನಿಮಿಷಗಳಲ್ಲಿ ಇಮ್ಮಡಿಯಾದರೆ, ಇವುಗಳಿಗೆ ಹಲವು ಗಂಟೆಗಳಿಂದ ಒಂದು ದಿನದವರೆಗೂ ಬೇಕಾಗಬಹುದು. ಹೊಸ ತೊಟ್ಟಿ ಸಿದ್ಧವಾಗಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುವುದಕ್ಕೆ ಇದೇ ಕಾರಣ.

ಬ್ಯಾಕ್ಟೀರಿಯಾ ಬೆಳೆಯಲು ಅಮೋನಿಯಾ ಬೇಕು. ಅದನ್ನು ಒದಗಿಸಲು ಅಗ್ಗದ, ಗಟ್ಟಿಜೀವದ ಮೀನುಗಳನ್ನು ಮೊದಲು ಬಿಟ್ಟು, ಅವು ಬದುಕುಳಿದರೆ ಬೆಲೆಬಾಳುವ ಮೀನುಗಳನ್ನು ತರುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಗಟ್ಟಿಜೀವವೆಂದರೆ ನೋವಿಲ್ಲದ ಜೀವವೆಂದಲ್ಲ, ಸಾಯಲು ಹೆಚ್ಚು ದಿನ ತೆಗೆದುಕೊಳ್ಳುವ ಜೀವವೆಂದಷ್ಟೇ ಅರ್ಥ. ಕಡಿಮೆ ಬೆಲೆಗೆ ಸಿಕ್ಕಿತೆಂಬ ಕಾರಣಕ್ಕೆ ಒಂದು ಜೀವವನ್ನು ಮತ್ತೊಂದು ಜೀವದ ಸುಖಕ್ಕೆ ಸಾಧನವಾಗಿ ಸವೆಸುವುದು ಯಾವ ನ್ಯಾಯಕ್ಕೂ ಒಪ್ಪುವ ಮಾತಲ್ಲ. ಅದಕ್ಕೆ ಬೇರೆ ದಾರಿ ಇದ್ದಾಗಲಂತೂ ಒಪ್ಪಲೇ ಆಗದು.

ಬೇರೆ ದಾರಿ ಇದೆ, ಅದು ಸರಳವಾಗಿಯೂ ಇದೆ. ಬೆಂಗಳೂರಿನ ನಲ್ಲಿಗಳಲ್ಲಿ ಬರುವ ಕಾವೇರಿ ನೀರಿನಲ್ಲಿ ಮನುಷ್ಯರ ಆರೋಗ್ಯಕ್ಕಾಗಿ ಬೆರೆಸಿದ ಕ್ಲೋರಿನ್ ಇರುತ್ತದೆ. ಅದು ಉಪಕಾರಿ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದರಿಂದ, ಅಂಗಡಿಗಳಲ್ಲಿ ಆಂಟಿ ಕ್ಲೋರಿನ್ ಎಂಬ ಹೆಸರಿನಲ್ಲಿ ಸಿಗುವ ದ್ರವದಿಂದ ಅದನ್ನು ಮೊದಲು ನಿವಾರಿಸಬೇಕು. ಬಳಿಕ ಫಿಲ್ಟರನ್ನು ಹಗಲೂ ರಾತ್ರಿ ನಡೆಸುತ್ತ, ಸುವಾಸನೆ ಸಾಬೂನುಗಳು ಬೆರೆಯದ ಶುದ್ಧ ಅಮೋನಿಯಾವನ್ನು ನೀರಿನ ಪ್ರತಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಗುವಂತೆ ಹಾಕಬೇಕು. ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಸ್ಪಾಂಜಿನ ತುಂಡೊಂದನ್ನು ಹೊಸ ಫಿಲ್ಟರಿನಲ್ಲಿಟ್ಟರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಸಾಗುತ್ತದೆ.

ಇನ್ನು ಮುಂದಿನದು ನೀರಿನ ಪರೀಕ್ಷೆ. ಪುಟ್ಟ ಗಾಜಿನ ನಳಿಕೆಯಲ್ಲಿ 5 ಮಿಲಿಲೀಟರ್ ನೀರು ತೆಗೆದುಕೊಂಡು, ಟೆಸ್ಟ್ ಕಿಟ್‌ನ ಸೀಸೆಯಿಂದ ಹನಿಗಳನ್ನು ಎಣಿಸಿ ಹಾಕಿ, ಕುಲುಕಿ, ಕೆಲವು ನಿಮಿಷ ಬಿಟ್ಟು ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು. ಸಾಮಾನ್ಯ ಬಳಕೆಯ ಕಿಟ್‌ಗಳಲ್ಲಿ ಅಮೋನಿಯಾ ಇದ್ದರೆ ನೀರು ಹಸಿರಿಗೆ ತಿರುಗುತ್ತದೆ, ಇಲ್ಲದಿದ್ದರೆ ಹಳದಿಯಾಗಿ ಉಳಿಯುತ್ತದೆ. ವಾರಗಳು ಕಳೆದು ಒಂದು ದಿನ ನಳಿಕೆ ಹಳದಿಯಾಗಿಯೇ ಉಳಿದಾಗ ಕೆಲಸ ಮುಗಿಯಿತೆನಿಸುವುದು ಸಹಜ. ಆದರೆ ಅದೇ ನೀರನ್ನು ನೈಟ್ರೈಟ್ ಪರೀಕ್ಷೆಗೆ ಒಡ್ಡಿದರೆ ಅದು ಗಾಢ ನೇರಳೆಯಾಗುತ್ತದೆ. ನೈಟ್ರೈಟ್ ಮೀನಿನ ರಕ್ತದೊಳಗೆ ಸೇರಿ, ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನನ್ನೇ ನಿಷ್ಪ್ರಯೋಜಕವಾಗಿಸುತ್ತದೆ. ರಕ್ತ ಕಂದುಬಣ್ಣಕ್ಕೆ ತಿರುಗಿ, ನೀರಿನಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ಮೀನು ಏದುಸಿರು ಬಿಡುತ್ತದೆ. ಅರ್ಧಕ್ಕೆ ನಿಂತ ಒಳ್ಳೆಯ ಕೆಲಸ ಹೊಸದೊಂದು ವಿಷವನ್ನೇ ಹುಟ್ಟಿಸಬಲ್ಲುದು ಎಂಬ ಎಚ್ಚರಿಕೆ ಈ ನಡುವಿನ ಹಂತದಲ್ಲಿದೆ, ಮತ್ತು ಎರಡನೆಯ ಬಗೆಯ ಬ್ಯಾಕ್ಟೀರಿಯಾ ಬೆಳೆಯುವವರೆಗೆ ಕಾಯದವನ ಗೆಲುವು ತೋರಿಕೆಯದೇ ಹೊರತು ನಿಜವಾದುದಲ್ಲ.

ಹಾಕಿದ ಅಮೋನಿಯಾ 24 ಗಂಟೆಗಳೊಳಗೆ ಇಲ್ಲವಾಗಿ, ನೈಟ್ರೈಟ್ ಕೂಡ ಸೊನ್ನೆಗೆ ಬಂದಾಗ ತೊಟ್ಟಿ ಸಿದ್ಧವಾಯಿತೆಂದು ತಿಳಿಯಬೇಕು. ಶೇಖರವಾದ ನೈಟ್ರೇಟ್ ತಗ್ಗುವಂತೆ ಹೆಚ್ಚಿನ ಪಾಲು ನೀರನ್ನು ಬದಲಿಸಿ, ಬ್ಯಾಕ್ಟೀರಿಯಾಗಳು ಆಹಾರವಿಲ್ಲದೆ ಕ್ಷೀಣಿಸುವ ಮೊದಲೇ ಮೀನುಗಳನ್ನು ಬಿಡಬೇಕು. ಆಮೇಲೆಯೂ ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ಬೆಳೆಸಿದ ಜೀವಗಳನ್ನು ಉಳಿಸಿಕೊಳ್ಳುವುದೂ ಹೊಣೆಯ ಭಾಗವೇ.

ಕಣ್ಣಿಗೆ ಕಾಣದ ಜೀವಗಳ ಬಗೆಗಿನ ಕಾಳಜಿ ಕನ್ನಡ ನಾಡಿಗೆ ಹೊಸದಲ್ಲ. ಇಲ್ಲಿ ಶತಮಾನಗಳಿಂದ ಬಾಳಿದ ಜೈನರು ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವ ವ್ರತವನ್ನು ಪಾಲಿಸಿದರು, ಮತ್ತು ಸೋಸಿದಾಗ ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ತಂದ ಮೂಲಕ್ಕೇ ಮರಳಿ ಸೇರಿಸುವುದೂ ಆ ಆಚಾರದಲ್ಲಿ ಸೇರಿತ್ತು. ದಯೆ ಎಂದರೆ ಸಂಕಟವನ್ನು ಕಂಡಾಗ ಕರಗುವ ಗುಣವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಸಂಕಟವೇ ಹುಟ್ಟದಂತೆ, ಹೊಗಳುವವರು ಯಾರೂ ಇಲ್ಲದ ಹೊತ್ತಿನಲ್ಲಿ, ಮೊದಲೇ ದುಡಿದಿಡುವುದು ದಯೆಯ ಇನ್ನೂ ಪಕ್ವವಾದ ರೂಪ. ಆ ನಾಲ್ಕಾರು ವಾರಗಳ ಬೇಸರವನ್ನು ಮನುಷ್ಯ ತಾಳಬಲ್ಲ, ಅದೇ ವಾರಗಳ ವಿಷವನ್ನು ಮೀನು ತಾಳಲಾರದು. ಇಬ್ಬರಲ್ಲಿ ಒಬ್ಬರು ಭಾರ ಹೊರಲೇಬೇಕಾದಾಗ, ಹೊರುವ ಶಕ್ತಿಯೂ ಆಯ್ಕೆಯ ಸ್ವಾತಂತ್ರ್ಯವೂ ಉಳ್ಳವರೇ ಅದಕ್ಕೆ ಹೆಗಲು ಕೊಡುವುದು ಧರ್ಮ.